ನೀಲಿ ಸ್ವೆಟರಿನ ಬೇಸಿಗೆ

ಆ ನೀಲಿ ಸ್ವೆಟರಿಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಡೆಯಿಂದ ಒಂದು ಬೇಸಿಗೆಯ ಗಂಟಲು. ವಿಮಲಿಯ ಕಡೆಯಿಂದ ಮೂರು ವರ್ಷದ ಹೈಸ್ಕೂಲು. ಉಲ್ಲನ್ ದೊಡ್ಡಮ್ಮನದು, ಕಡ್ಡಿಯೂ ಅವರದೇ, ಅವನ್ನು ಹಿಡಿಯುವುದಿಲ್ಲ. ಎರಡು ವರ್ಷದ ಮಗುವಿಗೂ ಬಿಗಿಯಾಗುವಂಥ ಸ್ವೆಟರಿಗೆ ಇಷ್ಟು ದುಬಾರಿ ಯಾಕಾಯಿತು ಎಂದರೆ, ಕೊಂಡವಳು ನಾನು, ತೆತ್ತವಳು ಇನ್ನೊಬ್ಬಳು. ಬೇರೆಯವರ ಕೈಯಿಂದ ಹೋಗುವ ಬೆಲೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಶಿಕಾರಿಪುರದಲ್ಲಿ ಉಲ್ಲನ್, ಕಸೂತಿ ದಾರದ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ವ್ಯಾಪಾರ ಮಾಡಿದ ನಾನು ಎಂಥೆಂಥವರ ಹತ್ತಿರವೋ ಚೌಕಾಸಿ ಮಾಡಿದ್ದೇನೆ, ಒಂದು ಗುಂಡಿಯನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಅದೊಂದು ಸ್ವೆಟರಿಗೆ ಮಾತ್ರ ಕೇಳಿದಷ್ಟು ಆಗಲಿ ಎಂದು ಬಿಟ್ಟೆ.

ದೊಡ್ಡಮ್ಮನ ಮನೆ ಇದ್ದದ್ದು ಶಿಕಾರಿಪುರದಲ್ಲಿಯೇ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ದೊಡ್ಡಪ್ಪ ಮಂಡಿಯಲ್ಲಿ ಗುಮಾಸ್ತರು. ಮಕ್ಕಳಿರಲಿಲ್ಲ. ಒಂದು ನಡುಮನೆ, ಎರಡು ಸಣ್ಣ ಕೋಣೆ, ಹಿಂದೆ ಹಿತ್ತಿಲು. ಹಿತ್ತಿಲಲ್ಲಿ ಒಂದು ಪೇರಲೆ ಮರ, ಬಸಳೆ ಚಪ್ಪರ, ಬಟ್ಟೆ ಒಗೆಯುವ ಕಲ್ಲು. ಪರೀಕ್ಷೆ ಮುಗಿದ ಮಾರನೆಯ ದಿನವೇ ನಮ್ಮಿಬ್ಬರನ್ನು ಅಲ್ಲಿಗೆ ಕಳಿಸುತ್ತಿದ್ದರು. ನಾನು ಸೊರಬದಿಂದ. ವಿಮಲಿ ಗುಡವಿ ಕೆರೆಯ ಆಚೆಗಿನ ಹಳ್ಳಿಯಿಂದ ಸೊರಬಕ್ಕೆ ಬಂದು ನನ್ನ ಬಸ್ಸನ್ನೇ ಹತ್ತುತ್ತಿದ್ದಳು. ನನ್ನಮ್ಮ, ಅವಳಮ್ಮ ಇಬ್ಬರೂ ದೊಡ್ಡಮ್ಮನ ತಂಗಿಯರು. ನಮ್ಮಿಬ್ಬರಿಗೂ ಒಂದೇ ವಯಸ್ಸು, ಒಂದೇ ಕ್ಲಾಸು. ಅವಳ ಕೈ ಚುರುಕು, ಮಾತು ತೊದಲು. ನನ್ನದು ತಿರುಗುಮುರುಗು. ಅವಳು ಒಂದು ಮಾತು ಶುರುಮಾಡಿದರೆ ಅದರ ತುದಿ ನಾನು ಮುಟ್ಟಿಸುತ್ತಿದ್ದೆ. ಕಂಡಕ್ಟರು ಎಲ್ಲಿಗೆ ಎಂದು ಅವಳನ್ನು ಕೇಳಿದರೆ ಉತ್ತರ ನನ್ನದು. ಊಟಕ್ಕೆ ಕೂತಾಗ ಅವಳಿಗೆ ಏನು ಬೇಕು ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅದನ್ನು ಉಪಕಾರವೆಂದೇ ಎಲ್ಲರೂ ತಿಳಿದಿದ್ದರು. ನಾನೂ ತಿಳಿದಿದ್ದೆ.

ಖಾಲಿ ಕೂತ ಮಕ್ಕಳು ಕದ್ದು ತಿನ್ನುತ್ತವೆ ಎಂಬುದು ದೊಡ್ಡಮ್ಮನ ನಂಬಿಕೆ. ಆದ್ದರಿಂದ ರಜೆಯ ದಿನಕ್ಕೆ ಒಂದು ಕ್ರಮವಿತ್ತು. ಬಿಸಿಲೇರುವವರೆಗೆ ಹಿತ್ತಿಲ ಕೆಲಸ. ಎಣ್ಣೆಯ ಹಳೇ ಡಬ್ಬಿಗಳಿಗೆ ಬಣ್ಣ ಬಳಿದು, ಹಸಿ ಸಿಮೆಂಟು ಮೆತ್ತಿ, ಒಡೆದ ಬಳೆಚೂರು ಒತ್ತಿ ಹೂವಿನ ಕುಂಡ ಮಾಡುವುದು; ಸೆಣಬಿನ ಹಗ್ಗ ಹೆಣೆದು ಕುಂಡಗಳನ್ನು ಸೂರಿಗೆ ತೂಗುಹಾಕಲು ನೆಲುವು ಮಾಡುವುದು. ವಿಮಲಿ ಬರುವಾಗ ಕೆರೆಯ ಜೊಂಡನ್ನು ಒಂದು ಹೊರೆ ಕಟ್ಟಿಕೊಂಡು ಬರುತ್ತಿದ್ದಳು. ಅದನ್ನು ನೆನೆಸಿ, ಸೀಳಿ, ಅಂಗೈ ಅಗಲದ ಬುಟ್ಟಿ ಹೆಣೆಯುತ್ತಿದ್ದಳು. ನೀರು ಹಾಕಿದರೆ ನಿಲ್ಲಬೇಕು, ಅಷ್ಟು ಒತ್ತಾದ ಹೆಣಿಗೆ. ದೊಡ್ಡಮ್ಮ ಅವಳ ಬುಟ್ಟಿಗೆ ಈರುಳ್ಳಿ ತುಂಬಿ ಅಡುಗೆಮನೆಯ ಮೂಲೆಗೆ ತಳ್ಳಿದರು. ನನ್ನ ಡಬ್ಬಿ ಸೊಟ್ಟಗಿತ್ತು, ಆದರೆ ಬಳೆಚೂರು ಬಿಸಿಲಿಗೆ ಮಿಂಚುತ್ತಿತ್ತು. ಅದು ಮುಂದಿನ ಜಗಲಿಗೆ ಹೋಯಿತು. ವ್ಯಾಪಾರದ ಮೊದಲ ಪಾಠ ನನಗೆ ಅಲ್ಲಿ ಆಯಿತು. ಮಿಂಚುವುದನ್ನು ಎದುರಿಗಿಡಬೇಕು, ಬಾಳಿಕೆ ಬರುವುದನ್ನು ಒಳಗಿಡಬೇಕು. ಇವತ್ತಿಗೂ ನನ್ನ ಅಂಗಡಿಯ ಗಾಜಿನ ಕಪಾಟು ಹಾಗೆಯೇ ಇದೆ.

ಊಟವಾದ ಮೇಲೆ ಹೆಣಿಗೆ. ನಡುಮನೆಯ ನೆಲಕ್ಕೆ ನೀರು ಚಿಮುಕಿಸಿ, ಮುಂಬಾಗಿಲು ಮುಚ್ಚಿ, ಹಿಂಬಾಗಿಲು ಅರ್ಧ ತೆರೆದು, ದೊಡ್ಡಮ್ಮ ಗೋಡೆಗೆ ಒರಗಿ ಕೂರುತ್ತಿದ್ದರು. ಎದುರು ಮನೆಯ ಗಿರಿಜಕ್ಕ ಮತ್ತು ಓಣಿಯ ಇನ್ನಿಬ್ಬರು ಮೂವರು ತಮ್ಮ ತಮ್ಮ ಕೆಲಸ ಹಿಡಿದು ಬರುತ್ತಿದ್ದರು. ಎಲ್ಲರ ಕೈಯೂ ಓಡುತ್ತಿರುವಾಗ ಒಬ್ಬಳು ಲೈಬ್ರರಿಯಿಂದ ತಂದ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ಈಗ ಕಿವಿಗೆ ಹಾಕಿಕೊಂಡು ಫೋನಿನಲ್ಲಿ ಕಥೆ ಕೇಳುತ್ತಾರಲ್ಲ, ನಮ್ಮಲ್ಲಿ ಆ ಫೋನು ನಾವಾಗಿದ್ದೆವು. ಒಂದು ದಿನ ನಾನು, ಒಂದು ದಿನ ವಿಮಲಿ. ದೊಡ್ಡಮ್ಮನ ಮನೆಯಲ್ಲಿ ಹೆಣಿಗೆಗೂ ಓದಿಗೂ ಒಂದೇ ಕಾನೂನು: ತಪ್ಪಿದರೆ ಬಿಚ್ಚಬೇಕು. ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಆ ಸಾಲಿನವರೆಗೆ ಬಿಚ್ಚು. ಓದಿನಲ್ಲಿ ಎಡವಿದರೆ ಪುಟದ ಮೇಲಿನಿಂದ ಮತ್ತೆ ಓದು. ವಿಮಲಿಯ ದಿನ ಬಂತೆಂದರೆ ಓಣಿಯ ಹೆಂಗಸರು ಬೇಗ ಬರುತ್ತಿದ್ದರು. ಕಥೆ ಒಂದು ಪುಟ ಮುಂದೆ ಹೋಗದಿದ್ದರೂ ನಗಲಿಕ್ಕೆ ಆಗುತ್ತಿತ್ತು. ಅವಳು ಏಳನೆಯ ಸಲವೋ ಎಂಟನೆಯ ಸಲವೋ ಅದೇ ಪುಟದ ತಲೆಗೆ ಹೋಗುವಾಗ ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ. ನಾಲಿಗೆ ಸೊಟ್ಟ ಇರೋದಲ್ಲ, ಸೋಮಾರಿ ಆಗಿರೋದು, ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಿದ್ದರು. ಮರುದಿನ ಊಟಕ್ಕೆ ಮಾವಿನಹಣ್ಣಿನ ಸೀಕರಣೆ ಬಡಿಸುವಾಗ ಎಡವಿದವಳ ಎಲೆಗೆ ಗೊರಟು ಬೀಳುತ್ತಿತ್ತು. ವಿಮಲಿ ಆ ಗೊರಟನ್ನು ಬೆಳ್ಳಗಾಗುವವರೆಗೆ ಚೀಪುತ್ತಿದ್ದಳು. ನಾನು ನನ್ನ ಸೀಕರಣೆಯನ್ನು ಅವಳಿಗೆ ಕಾಣುವಂತೆ ನಿಧಾನವಾಗಿ ತಿನ್ನುತ್ತಿದ್ದೆ. ಮಕ್ಕಳು ಮುಗ್ಧರು ಎನ್ನುವವರು ಒಟ್ಟಿಗೆ ಕೂತು ಉಂಡ ಮಕ್ಕಳನ್ನು ನೋಡಿಲ್ಲ.

ನಾವು ಏಳನೆಯ ಕ್ಲಾಸು ಮುಗಿಸಿದ ವರ್ಷ ದೊಡ್ಡಪ್ಪ ಒಂದು ರಾತ್ರಿ ಊಟದ ಮಧ್ಯೆ ಹೇಳಿದರು: ಮನೆಯಲ್ಲಿ ಒಂದು ಹುಡುಗಿ ಇರಲಿ, ಇಲ್ಲೇ ಹೈಸ್ಕೂಲಿಗೆ ಹಾಕೋಣ, ನಿನಗೂ ಕೈಗೊಬ್ಬಳಾಗುತ್ತಾಳೆ. ಇಬ್ಬರಿಗೆ ಜಾಗವಿಲ್ಲ, ಒಬ್ಬಳು. ಯಾರು ಎಂದು ದೊಡ್ಡಮ್ಮ ಹೆಸರು ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಟ್ರಂಕಿನಿಂದ ಎರಡು ಉಂಡೆ ಉಲ್ಲನ್ ತೆಗೆದರು, ನನಗೆ ನೀಲಿ, ವಿಮಲಿಗೆ ಕುಂಕುಮದ ಬಣ್ಣ. ಅದೇ ಉಲ್ಲನ್ನಿನಲ್ಲಿ ನಾವು ಎರಡು ಬೇಸಿಗೆ ಕಲಿತಿದ್ದೆವು. ಪ್ರತಿ ಸಲ ಕೊನೆಗೆ ತಪ್ಪು ಹುಡುಕಿ ಬಿಚ್ಚಿಸಿ, ಮಣೆಗೆ ಸುತ್ತಿ, ತೊಳೆದು ಒಣಗಿಸಿ ಮತ್ತೆ ಟ್ರಂಕಿಗೆ ಹಾಕುತ್ತಿದ್ದರು. ಈ ಸಲ ಒಂದೊಂದು ಮಗುವಿನ ಸ್ವೆಟರ್ ಹೆಣೆಯಿರಿ, ಶಾಲೆ ತೆರೆಯುವ ಮುಂಚೆ ನೋಡುತ್ತೇನೆ, ಯಾರದು ಬಿಚ್ಚದೆ ಉಳಿಯುತ್ತದೋ ಅವಳು ಇಲ್ಲಿ ಉಳಿಯಲಿ ಎಂದರು. ವಿಮಲಿಯ ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಹೆಣ್ಣುಹುಡುಗಿಯನ್ನು ದಿನಾ ಬಸ್ಸಿಗೆ ಬಿಡುವುದಿಲ್ಲ ಎಂದು ಅವಳಪ್ಪ ಆಗಲೇ ಹೇಳಿಯಾಗಿತ್ತು. ನನಗೋ ಸೊರಬದಲ್ಲಿ ಹೈಸ್ಕೂಲು ಇತ್ತು, ಅದರ ಗಂಟೆ ನಮ್ಮ ಮನೆಗೆ ಕೇಳುತ್ತಿತ್ತು. ಹಾಗಿದ್ದ ಮೇಲೆ ನಿನಗೆ ಆ ಜಾಗ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ಸಿಗುವಂತಿತ್ತು, ಅದಕ್ಕೆ.

ಹೆಣಿಗೆಯಲ್ಲಿ ನಾನು ಗೆಲ್ಲುವುದಿಲ್ಲ ಎಂದು ಎರಡೇ ದಿನದಲ್ಲಿ ಗೊತ್ತಾಯಿತು. ನನ್ನ ಕುಣಿಕೆಗಳು ಒಂದು ಸಡಿಲ, ಒಂದು ಬಿಗಿ. ಉಲ್ಟಾ ಹಾಕುವಲ್ಲಿ ಸೀದಾ, ಸೀದಾ ಹಾಕುವಲ್ಲಿ ಉಲ್ಟಾ. ಮೂರನೆಯ ದಿನ ವಿಮಲಿಯ ಓದು. ಅವತ್ತು ಅವಳು ಎಷ್ಟು ಸಲ ಪುಟದ ತಲೆಗೆ ಹೋದಳೆಂದರೆ, ಸಂಜೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ನಾಲಿಗೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ. ಕೊಳ್ಳುವವಳು ಮೊದಲು ಬಾಯಿ ತೆರೆಯಬಾರದು ಎಂದು ಆಗಲೇ ನನಗೆ ಹೇಗೆ ಗೊತ್ತಿತ್ತೋ, ಸುಮ್ಮನೆ ಕೂತಿದ್ದೆ.

“ನಾ… ನಾಡಿದ್ದು ಮತ್ತೆ ನಂದೇ,” ಎಂದಳು.

“ನಿನ್ನ ಪಾಳಿ ಎಲ್ಲ ನಾನು ಓದ್ತೀನಿ ಮಾರಾಯ್ತಿ. ರಜೆ ಮುಗಿಯೋ ತನಕ.”

ಅವಳು ನನ್ನನ್ನು ನೋಡಿದಳು. ನನ್ನ ಉಪಕಾರಕ್ಕೆ ಯಾವತ್ತೂ ಒಂದು ಬಾಲ ಇರುತ್ತದೆಂದು ಅವಳಿಗೆ ಗೊತ್ತಿತ್ತು.

“ಎಂತ ಕೊಡ್ಬೇಕು?”

“ನನ್ನ ನೀಲಿ ನೀ ಹೆಣಿ. ಬೆಳಿಗ್ಗೆ ಹಿತ್ತಲಲ್ಲಿ. ನಿನ್ನ ಕೈ ಓಡೋ ಓಟಕ್ಕೆ ಎರಡು ಯಾವ ಲೆಕ್ಕ.”

ಅವಳು ಕಲ್ಲಿನ ಮೇಲಿದ್ದ ಸೋಪಿನ ಚೂರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಳಗಿನಿಂದ ಗಿರಿಜಕ್ಕ ಅವಳ ತೊದಲನ್ನು ಅಣಕಿಸಿ ತೋರಿಸುವುದು, ಮಿಕ್ಕವರು ನಗುವುದು ಕೇಳಿಸಿತು. ಅವಳು ಆಗಲಿ ಎಂದು ತಲೆಯಾಡಿಸಿದಳು. ವ್ಯಾಪಾರ ಕುದುರಿಸಿದ್ದು ನಾನಲ್ಲ, ಆ ನಗು. ಎದುರಿನವರಿಗೆ ಎಲ್ಲಿ ನೋಯುತ್ತದೆ ಎಂದು ತಿಳಿದಿದ್ದರೆ ನೀವು ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ.

ಪಾಳಿ ಬದಲಿಸಲು ದೊಡ್ಡಮ್ಮನನ್ನು ಕೇಳಲಿಲ್ಲ. ಗಿರಿಜಕ್ಕನ ಕಿವಿಯಲ್ಲಿ, ಹೀಗೇ ಓದಿದರೆ ಕಥೆಯಲ್ಲಿನ ಹುಡುಗಿಯ ಮದುವೆ ಈ ಬೇಸಿಗೆಗೆ ಆಗುವುದಿಲ್ಲ ಎಂದೆ. ಎರಡು ದಿನದಲ್ಲಿ ಗಿರಿಜಕ್ಕನೇ ನನ್ನ ಹೆಸರೆತ್ತಿ ಕೇಳಿದರು, ಸರೋಜಿನೇ ದಿನಾ ಓದಲಿ ತಗೊಳ್ರಿ, ನಗೂ ಸಾಕಾತು, ಕಥೀನೂ ಮುಂದ ಹೋಗವಲ್ದು ಎಂದು. ದೊಡ್ಡಮ್ಮ ನನ್ನನ್ನು ಒಂದು ಕ್ಷಣ ನೋಡಿ ಹೂಂ ಎಂದರು. ಅಂದಿನಿಂದ ನನ್ನ ಗಂಟಲು, ವಿಮಲಿಯ ಕೈ. ಬೆಳಿಗ್ಗೆ ದೊಡ್ಡಮ್ಮ ಒಲೆಯ ಮುಂದಿರುವಾಗ ಪೇರಲೆ ಮರದ ಹಿಂದೆ ಅವಳು ನನ್ನ ನೀಲಿ ಹೆಣೆಯುತ್ತಿದ್ದಳು, ನಾನು ಡಬ್ಬಿಗೆ ಬಳೆಚೂರು ಒತ್ತುತ್ತಾ ಕಾವಲು ಕೂರುತ್ತಿದ್ದೆ. ಮಧ್ಯಾಹ್ನ ನಾನು ಓದುವಾಗ ಅವಳು ತನ್ನ ಕುಂಕುಮ ಬಣ್ಣದ್ದು ಹೆಣೆಯುತ್ತಿದ್ದಳು. ಮೊದಲ ವಾರ ಎರಡೂ ಸಮನಾಗಿ ಬೆಳೆದವು. ಆಮೇಲೆ ಅವಳ ತೋರುಬೆರಳು ಬಾತುಕೊಂಡಿತು. ಕೊಬ್ಬರಿಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡಳು. ಬಿಸಿಲು ಜೋರಾದಂತೆ ಬೆವರಿದ ಕೈಯಲ್ಲಿ ಉಲ್ಲನ್ ಅಂಟುತ್ತಿತ್ತು. ಯಾವುದೋ ಒಂದು ಹಿಂದೆ ಬೀಳಲೇಬೇಕಿತ್ತು. ಅವಳದು ಬಿತ್ತು. ನೀಲಿಯನ್ನು ನಿಲ್ಲಿಸಿ ನಿನ್ನದನ್ನು ಮುಗಿಸಿಕೋ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಅದಕ್ಕಾಗಿ ದಿನಾ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ್ದು, ತೋಳಿನ ಅಂಚು ಇನ್ನಷ್ಟು ಒತ್ತಾಗಿ ಬರಲಿ ಎಂದು.

ಶಾಲೆ ತೆರೆಯಲು ಎರಡು ದಿನವಿರುವಾಗ ಪಂಚಾಯ್ತಿಕೆ. ಹೆಂಗಸರೆಲ್ಲ ಸೇರಿದ್ದರು. ದೊಡ್ಡಮ್ಮ ನೀಲಿ ಸ್ವೆಟರನ್ನು ಹಿಂಬಾಗಿಲ ಬೆಳಕಿಗೆ ಹಿಡಿದು ಎಳೆದರು, ಒಳಗು ತಿರುವಿದರು, ಅಂಚನ್ನು ಬೆರಳಿನಿಂದ ಸವರಿಕೊಂಡು ಬಂದರು. ಏನೂ ಸಿಗಲಿಲ್ಲ. ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕುಂಕುಮ ಬಣ್ಣದ್ದು. ಹೆಣಿಗೆಯೇನೋ ಅಚ್ಚು ಹೊಯ್ದ ಹಾಗಿತ್ತು, ಒಂದು ತೋಳು ಮಾತ್ರ ಇರಲಿಲ್ಲ. ಮುಗಿಯದೆ ಇರುವುದೂ ತಪ್ಪೇ ಎಂದರು ದೊಡ್ಡಮ್ಮ. ವಿಮಲಿ ಎದ್ದು ನಿಂತಳು. ಅವಳು ತಾನಾಗಿ ಎದ್ದು ಮಾತಿಗೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ದೊ… ದೊಡ್ಡಮ್ಮ, ಆ… ಆ…”

ಅವಳ ಕುತ್ತಿಗೆಯ ನರ ಉಬ್ಬಿತ್ತು. ಕಣ್ಣು ನೀಲಿಯ ಮೇಲಿತ್ತು. ಎಲ್ಲರೂ ಅಭ್ಯಾಸದಂತೆ ನನ್ನ ಕಡೆ ತಿರುಗಿದರು.

“ಟೈಮ್ ಸಾಲಲಿಲ್ಲ, ಕೈ ನೋಯ್ತಿತ್ತು ಅಂತಿದಾಳೆ ದೊಡ್ಡಮ್ಮ,” ಎಂದೆ ನಾನು.

ಸುಳ್ಳಲ್ಲವಲ್ಲ. ಅವಳ ಬಾಯಿ ಇನ್ನೂ ತೆರೆದೇ ಇತ್ತು, ಒಳಗೆ ಮಾತು ಒದ್ದಾಡುತ್ತಿತ್ತು. ಆದರೆ ಕೇಳುವವರಿಗೆ ಉತ್ತರ ಸಿಕ್ಕಿಯಾಗಿತ್ತು. ಕಾಯುವವರು ಯಾರೂ ಇರಲಿಲ್ಲ. ಕೈ ನೋವಂತ, ಗಿರಿಜಕ್ಕ ಅಂದರು, ಬರೇ ಹೆಣಿಯಾಕ ಕೈ ನೋವಾದ್ರ ನಾಳೆ ರೊಟ್ಟಿ ಯಾರವ್ವ ಬಡಿತಾರ. ಹೆಂಗಸರು ನಕ್ಕರು. ವಿಮಲಿ ಬಾಯಿ ಮುಚ್ಚಿಕೊಂಡು ಕೂತಳು.

ಬಿಚ್ಚುವವಳು ಹೆಣೆದವಳೇ ಆಗಬೇಕು, ಅದು ದೊಡ್ಡಮ್ಮನ ಕಾನೂನು. ಸುತ್ತಲಿಕ್ಕೆ ಇನ್ನೊಬ್ಬಳು ಬೇಕು, ನಾನು ಎದುರಿಗೆ ಕೂತೆ. ಅವಳು ಎಳೆದಳು, ನಾನು ಸುತ್ತಿದೆ. ಕೊರಳಿನಿಂದ ಶುರುವಾಗಿ ಒಂದು ತೋಳು, ಎದೆ, ಬೆನ್ನು. ಸರಸರ ಬಿಚ್ಚಿಕೊಂಡು ಬರುತ್ತಿತ್ತು, ಒಂದು ಗಂಟಿಲ್ಲ, ಒಂದು ತೊಡಕಿಲ್ಲ, ಅಷ್ಟು ಒಳ್ಳೆಯ ಕೈ. ಒಂದೂವರೆ ತಿಂಗಳಿನದು ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ಉಂಡೆಯಾಯಿತು. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿಯೇ ಇರುತ್ತದೆ, ತೊಳೆದು ಭಾರ ಕಟ್ಟಿ ನೇತುಹಾಕುವವರೆಗೂ ತಾನು ಏನಾಗಿದ್ದೆ ಎಂಬುದನ್ನು ಬಿಡುವುದಿಲ್ಲ. ಸುತ್ತುವಾಗ ಒಮ್ಮೆ ನಮ್ಮಿಬ್ಬರ ಕೈ ತಾಗಿತು. ಅವಳದು ಕಾದಿತ್ತು. ನಾನು ಉಂಡೆ ದುಂಡಗೆ ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಮರುದಿನ ಅವಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಿದರು. ಕಂಡಕ್ಟರಿಗೆ ಊರು ಹೇಳಲು ನಾನಿರಲಿಲ್ಲ, ದೊಡ್ಡಪ್ಪ ಹೇಳಿದರು. ಸಂಜೆ ದೊಡ್ಡಮ್ಮ ನನ್ನ ತಲೆ ಬಾಚುತ್ತಾ, ಜಡೆಯ ಬುಡವನ್ನು ಎಳೆದು ಹಿಡಿದರು.

“ದಿನಾ ಓದಿದೋಳು ಯಾವ ಕೈಲಿ ಹೆಣೆದ್ಲು ಅಂತ ಯಾರೂ ಕೇಳ್ಲಿಲ್ಲ ನೋಡು.”

ತಿರುಗಿ ಅವರ ಮುಖ ನೋಡಹೋದೆ, ಹಿಡಿದ ಜಡೆ ಬಿಡಲಿಲ್ಲ.

“ವಿಮಲಿ ಕೈ ಬಿಗಿ. ನಿಂದು ಜಾಳು. ಮುಟ್ಟಿದ್ರೇ ಗೊತ್ತಾಗುತ್ತೆ ಕಣೆ.”

“ಮತ್ತೆ ನನ್ನ ಯಾಕೆ ಇಟ್ಕೊಂಡ್ರಿ ದೊಡ್ಡಮ್ಮ?”

“ಹೆಣೆಯೋರು ಊರು ತುಂಬ ಸಿಗ್ತಾರೆ. ಹೆಣೆಸ್ಕೊಳ್ಳೋಳು ಮನೇಲಿ ಒಬ್ಳು ಬೇಕು,” ಎಂದು ಜಡೆ ಬಿಗಿದು ಕಟ್ಟಿ, ಬೆನ್ನಿಗೊಂದು ತಟ್ಟಿ ಎಬ್ಬಿಸಿದರು. ಅದು ಬೈಗುಳವೋ ಆಶೀರ್ವಾದವೋ ಆಗ ತಿಳಿಯಲಿಲ್ಲ. ಅದರ ಮೇಲೆ ನಾನು ಅಂಗಡಿ ಕಟ್ಟಿದೆ.

ವಿಮಲಿ ಮತ್ತೆ ಯಾವ ಬೇಸಿಗೆಗೂ ಬರಲಿಲ್ಲ. ಸೊರಬದ ಕಡೆಯೇ ಮದುವೆಯಾಯಿತು, ಕುರಿ ಸಾಕಿದರು, ಎರಡು ಮಕ್ಕಳನ್ನು ಓದಿಸಿದರು. ಈಗ ಜೊಂಡಿನ ಬುಟ್ಟಿ ಹೆಣೆದು ಗುಡವಿಗೆ ಹಕ್ಕಿ ನೋಡಲು ಬರುವವರಿಗೆ ಮಾರುತ್ತಾಳೆ. ನನ್ನ ಅಂಗಡಿಗೂ ಕೊಡು, ಅವರು ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದು ಎರಡು ಸಲ ಹೇಳಿ ಕಳಿಸಿದ್ದೆ. ಎರಡು ಸಲವೂ ಬುಟ್ಟಿ ಬರಲಿಲ್ಲ, ಉತ್ತರವೂ ಬರಲಿಲ್ಲ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ನಾನು ಬೇಸಿಗೆಯ ತರಗತಿ ನಡೆಸುತ್ತೇನೆ: ಹೆಣಿಗೆ, ಕ್ರೋಶಾ, ಕುಂಡಕ್ಕೆ ಬಣ್ಣ, ಸೆಣಬಿನ ನೆಲುವು. ಫೋನಿನಲ್ಲಿ ಯಾರೋ ಓದಿದ ಕಥೆ ಹಾಕುತ್ತೇನೆ, ಎಲ್ಲರೂ ಕೇಳುತ್ತಾ ಹೆಣೆಯುತ್ತಾರೆ. ಓದುವವಳ ಮುಖ ಕಾಣುವುದಿಲ್ಲ, ಆದ್ದರಿಂದ ಯಾರೂ ನಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಫೋನಿಗೆ ಕಥೆಗಳನ್ನು ತುಂಬಿಸಿಕೊಂಡು ಅವಳ ಮನೆಗೆ ಹೋದೆ. ಬಾ ಎಂದಳು, ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು. ಒಂದು ಕಥೆ ಹಚ್ಚಿ ಅವಳ ಕಿವಿಗೆ ಇಟ್ಟೆ. ಜೊಂಡು ಹೆಣೆಯುತ್ತಲೇ ತುಂಬ ಹೊತ್ತು ಕೇಳಿದಳು.

“ಇ… ಇವಳು ಎಡವದೇ ಇಲ್ವ?”

“ಎಡವ್ತಾರೆ. ಅಷ್ಟು ತೆಗೆದು ಮತ್ತೆ ಓದ್ತಾರಂತೆ. ನಮಗೆ ಗೊತ್ತಾಗದಿಲ್ಲ.”

“ಪುಟ ಹಾರಿಸದಿಲ್ಲ. ನೀ ಹಾರಿಸ್ತಿದ್ದೆ.”

ಹೌದು, ಹಾರಿಸುತ್ತಿದ್ದೆ. ಬೇಗ ಮುಗಿಯಲಿ ಎಂದು ಬೆಟ್ಟ, ಬೆಳಗು, ಮಳೆಯ ವರ್ಣನೆಯೆಲ್ಲ ಬಿಟ್ಟು ಮಾತಿದ್ದ ಕಡೆ ಮಾತ್ರ ಓದುತ್ತಿದ್ದೆ. ದೊಡ್ಡಮ್ಮನಿಗೂ ಸಿಕ್ಕದ ಕಳ್ಳತನ. ಆ ಒಂದು ಬೇಸಿಗೆಯಲ್ಲಿ ಅವಳಿಗೆ ನನ್ನಿಂದ ಬರಬೇಕಾದದ್ದು ಓದೊಂದೇ, ಅದರಲ್ಲೂ ತೂಕ ಹೊಡೆದಿದ್ದೆ. ಇಷ್ಟು ಬಿಚ್ಚಿದ ಮೇಲೆ ಇನ್ನೇನು ಎಂದು ಕೇಳಿಯೇಬಿಟ್ಟೆ.

“ಅವತ್ತು ಎದ್ದು ನಿಂತು ದೊಡ್ಡಮ್ಮನ ಹತ್ರ ಎಂತ ಹೇಳಕ್ಕೆ ಹೊರಟಿದ್ದೆ ವಿಮಲಿ?”

ಅವಳ ಕೈ ನಿಂತಿತು. ಬಾಯಿ ತೆರೆದಳು. ಮೊದಲ ಅಕ್ಷರ ಸಿಕ್ಕಿಕೊಂಡಿತು. ಕುತ್ತಿಗೆಯ ಅದೇ ನರ. ನನ್ನ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು, ಒಂದೊಂದೂ ಚೆನ್ನಾಗಿತ್ತು, ಕಚ್ಚಿ ಹಿಡಿದುಕೊಂಡೆ. ಅಂಗಳದ ಕುರಿಯೊಂದು ಎದ್ದು, ಮೈ ಕೊಡವಿ, ನೆರಳು ಬದಲಿಸಿ ಮತ್ತೆ ಮಲಗಿತು. ಅಷ್ಟು ಹೊತ್ತು ನಾನು ಯಾರ ಮಾತಿಗೂ ಕಾದವಳಲ್ಲ.

“ನೀ… ನೀನೇ ಹೇಳು. ಯಾವಾಗ್ಲೂ ನೀನೇ ಅಲ್ವ ಮು… ಮುಗ್ಸೋದು.”

ಎಂದು ಫೋನನ್ನು ಸೆರಗಿನಿಂದ ಒರೆಸಿ ನನ್ನ ಚೀಲದೊಳಗೆ ವಾಪಸು ಇಟ್ಟಳು. ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದಳು.

ಇನ್ನು ನಿಮಗೆ. ಬೇಸಿಗೆಯಲ್ಲಿ ಮಕ್ಕಳ ಕೈಗೆ ಕಡ್ಡಿ ಕೊಡುವುದಾದರೆ ಕೊಡಿ, ಒಳ್ಳೆಯದು. ಹತ್ತಿ ದಾರದಿಂದ ಶುರುಮಾಡಿಸಿ, ಬೆವರಿಗೆ ಉಲ್ಲನ್ ಅಂಟುತ್ತದೆ. ದಪ್ಪ ಕಡ್ಡಿ ಕೊಡಿ, ಬೇಗ ಬೆಳೆದರೆ ಹುರುಪು ಬರುತ್ತದೆ. ಬೆರಳು ಬಾತರೆ ಎರಡು ದಿನ ಬಿಡಿಸಿ. ಕುಂಡಕ್ಕೆ ಬಳೆಚೂರು ಒತ್ತಿಸುವಾಗ ಅಂಚನ್ನು ಮೊದಲು ಕಲ್ಲಿಗೆ ಉಜ್ಜಿಸಿ. ಕಥೆ ಕೇಳಿಸುವುದಾದರೆ ಪೂರ್ತಿ ಕೇಳಿಸಿ, ಮಳೆಯ ವರ್ಣನೆಯನ್ನೂ ಸೇರಿಸಿ. ಅದು ಬೇಕಾದವರು ಕೋಣೆಯಲ್ಲಿ ಒಬ್ಬರಾದರೂ ಇರುತ್ತಾರೆ. ಒಂದು ಜಾಗಕ್ಕೆ ಇಬ್ಬರು ಮಕ್ಕಳನ್ನು ಬಿಡಬೇಡಿ. ಬಿಟ್ಟಿರಾದರೆ ಕೈ ನೋಡಿ, ಬಾಯಿ ನೋಡಬೇಡಿ. ಮತ್ತು ನಿಮ್ಮೆದುರು ಒಂದು ಮಗು ಎದ್ದು ನಿಂತು ಮಾತು ಸಿಕ್ಕದೆ ಒದ್ದಾಡುತ್ತಿದ್ದರೆ, ಪಕ್ಕದಲ್ಲಿರುವ ಚೂಟಿ ಮಗುವಿನ ಕಡೆ ತಿರುಗಬೇಡಿ. ಚಹಾ ಆರಲಿ. ಬಸ್ಸು ಹೋಗಲಿ. ಆ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರಿ. ಅದಕ್ಕಿಂತ ಅಗ್ಗವಾಗಿ ಆ ಸಾಮಾನು ನಿಮಗೆ ಮುಂದೆ ಎಲ್ಲಿಯೂ ಸಿಗುವುದಿಲ್ಲ, ನಾನು ವಿಚಾರಿಸಿ ನೋಡಿದ್ದೇನೆ.